ನೀರು ತಿಳಿಯಾಗಿದೆ, ಮೀನು ಸಾಯುತ್ತಿದೆ

ಅಕ್ವೇರಿಯಂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಗಿಯುವುದು ಒಂದೇ ಮಾತಿನಲ್ಲಿ: "ಯಾವ ಔಷಧಿ ಹಾಕಬೇಕು?" ಟ್ಯಾಂಕ್ ಎಷ್ಟು ಲೀಟರಿನದು, ನೀರು ಬಾವಿಯದೋ ಬೋರಿನದೋ ನಲ್ಲಿಯದೋ, ಕೊನೆಯ ಸಲ ನೀರು ಬದಲಿಸಿದ್ದು ಯಾವಾಗ ಎಂದು ತಿಳಿಯದೆ ಔಷಧಿ ಹೇಳುವುದು ಜಾತಕ ನೋಡದೆ ಮುಹೂರ್ತ ಇಟ್ಟಂತೆ. ಟ್ಯಾಂಕಿನ ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಕಲ್ಲು, ಮರಳಿಗೆಂದು ಅದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. ಕೆಳಗೆ ಹೇಳಿದ ಅಳತೆಗಳೆಲ್ಲ ಹೀಗೆ ಬಂದ ಲೀಟರಿಗೆ.

ಪ್ರ: ನಮ್ಮದು ಎರಡು ವರ್ಷದ ಹಳೆಯ 100 ಲೀಟರ್ ಟ್ಯಾಂಕ್. ಏಂಜೆಲ್, ಟೆಟ್ರಾ ಇದ್ದವು. ಮೊದಲಿನಿಂದಲೂ ಬಾವಿ ನೀರು. ಮಳೆಗಾಲದಲ್ಲಿ ಎರಡು ತಿಂಗಳು ನೀರು ಬದಲಿಸಲು ಆಗಲಿಲ್ಲ, ಆದರೂ ನೀರು ಕನ್ನಡಿಯಂತಿತ್ತು, ಮೀನುಗಳೂ ಆರಾಮಾಗಿದ್ದವು. ಬಾವಿಯ ಪಂಪು ಕೆಟ್ಟಿತ್ತೆಂದು ಪಕ್ಕದ ಮನೆಯ ಬೋರ್ ನೀರು ತಂದು ಅರ್ಧ ಬದಲಿಸಿದೆ. ರಾತ್ರಿಯೇ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಬೆಳಿಗ್ಗೆ ನೋಡಿದರೆ ಒಂಬತ್ತು ಸತ್ತಿದ್ದವು. ಬಕೆಟ್ಟಿನಲ್ಲಿ ಉಳಿದಿದ್ದ ಹಳೆಯ ನೀರನ್ನು ಪರೀಕ್ಷೆ ಮಾಡಿಸಿದರೆ ಪಿಎಚ್ (ನೀರಿನ ಹುಳಿಯ ಅಳತೆ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ) 5.8, ಅಮೋನಿಯಾ ಕಿಟ್ಟಿನ ಕೊನೆಯ ಬಣ್ಣ, ಅಂದರೆ ಲೀಟರಿಗೆ 8 ಮಿಲಿಗ್ರಾಂ. ಬೋರ್ ನೀರಿನ ಪಿಎಚ್ 7.8. ಬೋರ್ ನೀರಿನಲ್ಲಿ ಏನಾದರೂ ವಿಷವಿತ್ತೇ? (ಹೊಸನಗರ)

ಉ: ಬೋರ್ ನೀರಿನದು ತಪ್ಪಿಲ್ಲ. ವಿಷ ನಿಮ್ಮ ಟ್ಯಾಂಕಿನಲ್ಲೇ ಮಲಗಿತ್ತು, ಬೋರ್ ನೀರು ಅದನ್ನು ಎಬ್ಬಿಸಿತು.

ಮಲೆನಾಡಿನ ಬಾವಿ ನೀರು ಗುಣದಲ್ಲಿ ಮಳೆನೀರಿಗೆ ಹತ್ತಿರ. ಜಂಬಿಟ್ಟಿಗೆ ನೆಲದ ಸುಣ್ಣದಂಶವೆಲ್ಲ ಮಳೆಗೆ ತೊಳೆದುಹೋಗಿರುತ್ತದೆ. ಹಾಗಾಗಿಯೇ ಈ ನೀರಲ್ಲಿ ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆಯಾಗುತ್ತದೆ. ಟ್ಯಾಂಕಿಗೆ ಮಾತ್ರ ಇದೇ ತೊಡಕು. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಪ್ರತಿದಿನ ಇಷ್ಟಿಷ್ಟು ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ನುಂಗಿಕೊಳ್ಳುವುದು ನೀರಿನಲ್ಲಿರುವ ಬೈಕಾರ್ಬೊನೇಟ್. ಅದರ ಅಳತೆಗೇ ಕೆಎಚ್ ಎನ್ನುವುದು. ನಮ್ಮ ಬಾವಿ ನೀರಿನಲ್ಲಿ ಅದು ಇರುವುದೇ ಚೂರು. ವಾರ ವಾರ ಹೊಸ ನೀರು ಬಿದ್ದರೆ ಹೇಗೋ ನಡೆಯುತ್ತದೆ. ನೀರು ಬದಲಿಸುವುದು ನಿಂತರೆ ಕೆಎಚ್ ಖಾಲಿಯಾಗಿ ಪಿಎಚ್ ಕುಸಿಯುತ್ತದೆ. 6.5ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾ ಮಂಕಾಗುತ್ತವೆ, 6ರ ಹತ್ತಿರ ಬಹುತೇಕ ಕೆಲಸವನ್ನೇ ನಿಲ್ಲಿಸುತ್ತವೆ. ಅಮೋನಿಯಾ ಕೂಡಿಕೊಳ್ಳುತ್ತಾ ಹೋಗುತ್ತದೆ.

ಹಾಗಾದರೆ ಎರಡು ತಿಂಗಳು ಮೀನು ಬದುಕಿದ್ದು ಹೇಗೆ? ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚುಕಮ್ಮಿ ಪೂರ್ತಿಯಾಗಿ ಅಮೋನಿಯಂ ರೂಪದಲ್ಲಿರುತ್ತದೆ. ಅದು ಕಿವಿರು ದಾಟಿ ಸುಲಭವಾಗಿ ಒಳಗೆ ಹೋಗುವುದಿಲ್ಲ. ಪಿಎಚ್ ಒಂದು ಅಂಕ ಏರಿದರೆ ಅದರ ವಿಷದ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ. ಅರ್ಧರ್ಧ ಬೆರೆಸಿದರೆ 5.8 ಮತ್ತು 7.8ರ ನಡುವಿನ 6.8 ಬರುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಹಳೆಯ ನೀರಿನಲ್ಲಿ ತಡೆಯುವ ಶಕ್ತಿ ಉಳಿದಿರಲಿಲ್ಲ, ಬೋರ್ ನೀರು ತನ್ನ ಪಿಎಚ್ ಅನ್ನೇ ಹೇರಿರುತ್ತದೆ. 7.6ಕ್ಕೆ ಹೋಗಿತ್ತೆಂದು ಇಟ್ಟುಕೊಂಡರೆ ವಿಷದ ಪಾಲು 60 ಪಟ್ಟು. ನೀರು ಬದಲಿಸಿ ಅಮೋನಿಯಾ ಅರ್ಧಕ್ಕಿಳಿದದ್ದನ್ನು ಹಿಡಿದರೂ 30 ಪಟ್ಟು. ಬಾಯಿ ಬಿಟ್ಟದ್ದು ಅದಕ್ಕೆ.

ಉಳಿದ ಮೀನುಗಳಿಗೆ ಈಗ ಮಾಡಬೇಕಾದದ್ದು: ಏರ್ ಪಂಪ್ ಪೂರ್ತಿ ಜೋರು ಮಾಡಿ, ಮೂರು ದಿನ ಆಹಾರ ನಿಲ್ಲಿಸಿ. ಪಿಎಚ್ ಆಗಲೇ ಏರಿರುವುದರಿಂದ ಅದನ್ನು ಮತ್ತೆ ಇಳಿಸುವ ಸಾಹಸ ಬೇಡ. ಅದೇ ಬೋರ್ ನೀರಿನಲ್ಲಿ ಅಮೋನಿಯಾ 0.5ರ ಕೆಳಗೆ ಬರುವವರೆಗೆ ದಿನಾ ಕಾಲು ಭಾಗ ಬದಲಿಸಿ. ಇನ್ನೂ ಈ ಅನಾಹುತ ಆಗದೆ, ಪಿಎಚ್ ಕೆಳಗೆ, ಅಮೋನಿಯಾ ಮೇಲೆ ಇರುವ ಟ್ಯಾಂಕ್ ಯಾರ ಮನೆಯಲ್ಲಾದರೂ ಇದ್ದರೆ ದಾರಿ ಬೇರೆ. ಅವರು ಮೊದಲಿನಿಂದ ಬಳಸುತ್ತಿರುವ ಬಾವಿ ನೀರನ್ನೇ ದಿನಕ್ಕೆ 10 ಲೀಟರಿನಂತೆ ಬದಲಿಸುತ್ತಾ ಮೊದಲು ಅಮೋನಿಯಾ ಇಳಿಸಬೇಕು, ಆಮೇಲೆ ಕೆಎಚ್ ಏರಿಸಬೇಕು. ತಿರುಗಾಮುರುಗಾ ಮಾಡಿದರೆ ನಿಮ್ಮ ಕಥೆಯೇ ಅವರದೂ.

ಕೆಎಚ್ ಏರಿಸಲು ಅಡುಗೆ ಸೋಡಾ ಸಾಕು. 100 ಲೀಟರಿಗೆ 3 ಗ್ರಾಂ, ಅಂದರೆ ಅರ್ಧ ಟೀ ಚಮಚದಷ್ಟು ಹಾಕಿದರೆ ಒಂದು ಡಿಗ್ರಿ ಏರುತ್ತದೆ. ಒಂದು ಮಗ್ ನೀರಿನಲ್ಲಿ ಕರಗಿಸಿ, ದಿನಕ್ಕೆ ಒಂದೇ ಡಿಗ್ರಿಯಂತೆ 3 ಅಥವಾ 4ಕ್ಕೆ ತನ್ನಿ. ಕಾಯಂ ವ್ಯವಸ್ಥೆಗೆ ಕರಾವಳಿ ಕಡೆಯಿಂದ ತಂದ ಕಪ್ಪೆಚಿಪ್ಪನ್ನು ಕುದಿಸಿ, ತೊಳೆದು, ಜಜ್ಜಿ, ಒಂದು ಹಿಡಿಯಷ್ಟನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಡಿ. ನೀರು ಹುಳಿಯಾದಷ್ಟೂ ಚಿಪ್ಪು ಹೆಚ್ಚು ಕರಗುತ್ತದೆ, ಹುಳಿ ಕಡಿಮೆಯಾದರೆ ತಾನೇ ನಿಧಾನವಾಗುತ್ತದೆ. ಚಿಪ್ಪಿನ ಬದಲು ಸುಣ್ಣ ಹಾಕಬಹುದೇ ಎಂದು ಯಾರೂ ಕೇಳಬೇಡಿ. ಎಲೆಗೆ ಹಚ್ಚುವಷ್ಟು ಸುಣ್ಣ ಸಾಕು, ಮೆದು ನೀರಿನ ಸಣ್ಣ ಟ್ಯಾಂಕಿನ ಪಿಎಚ್ ಒಂದೇ ಗಳಿಗೆಯಲ್ಲಿ 9 ದಾಟಬಹುದು.

ಒಂದು ಕೆಎಚ್ ಕಿಟ್ ಕೊಳ್ಳಿ. ಗಾಜಿನ ನಳಿಕೆಯಲ್ಲಿ 5 ಮಿ.ಲೀ. ನೀರು ಹಿಡಿದು ಒಂದೊಂದೇ ಹನಿ ಹಾಕಿ ಅಲ್ಲಾಡಿಸಬೇಕು. ನೀಲಿ ಬಣ್ಣ ಹಳದಿಗೆ ತಿರುಗಲು ಎಷ್ಟು ಹನಿ ಬೇಕಾಯಿತೋ ಅಷ್ಟು ಡಿಗ್ರಿ. ಮೊದಲ ಹನಿಯೇ ನೀಲಿಯಾಗದೆ ನೇರ ಹಳದಿಯಾದರೆ ಕೆಎಚ್ ಇಲ್ಲವೆಂದೇ ಅರ್ಥ. ಅಂಥ ಟ್ಯಾಂಕಿನಲ್ಲಿ ಮೀನು ಎಷ್ಟೇ ಲವಲವಿಕೆಯಿಂದ ಇದ್ದರೂ ನಂಬಬೇಡಿ.

ಪ್ರ: ಗಿಡ ಬೆಳೆಸಿದ 50 ಲೀಟರ್ ಟ್ಯಾಂಕಿನಲ್ಲಿ ಸಣ್ಣ ಸಿಗಡಿ, ಬಸವನಹುಳು, ಕೆಲವು ಗಪ್ಪಿ ಇದ್ದವು. ನೀರು ಬದಲಿಸಿದ ಮರುದಿನ ಬಸವನಹುಳುಗಳೆಲ್ಲ ಚಿಪ್ಪಿನೊಳಗೆ ಸೇರಿ ತಳಕ್ಕೆ ಬಿದ್ದವು, ಸಂಜೆಯೊಳಗೆ ಸಿಗಡಿ ಒಂದೂ ಉಳಿಯಲಿಲ್ಲ. ಗಪ್ಪಿ ಮಾತ್ರ ಮಂಕಾಗಿವೆ. ಅಮೋನಿಯಾ ಸೊನ್ನೆ, ಪಿಎಚ್ 6.8. ಯಾವ ರೋಗ? (ತೀರ್ಥಹಳ್ಳಿ)

ಉ: ಚಿಪ್ಪಿನವು, ಸಿಗಡಿ ಮೊದಲು ಹೋಗಿ ಮೀನು ಉಳಿದರೆ ರೋಗ ಬಿಟ್ಟು ತಾಮ್ರದ ಕಡೆ ನೋಡಬೇಕು. ಪತ್ರ ಬಂದದ್ದು ತೋಟಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ. ನೀರು ಹೊತ್ತ ಬಕೆಟ್ಟೋ ತುಂಬಿಟ್ಟ ಡ್ರಮ್ಮೋ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಕಲಸಿದ್ದೇ ಆಗಿರಬೇಕು. ಬಾಯಂಚಿನ ಒಳಸುತ್ತಿನಲ್ಲಿ, ಹಿಡಿಕೆ ಸಿಕ್ಕಿಸುವ ಸಂದಿಯಲ್ಲಿ ತಿಳಿನೀಲಿ ಗೆರೆ ಕಾಣುತ್ತದೆಯೇ ಎಂದು ನೋಡಿ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ ಇರುತ್ತದೆ. ಅದರ ಕಾಲು ಭಾಗ ತಾಮ್ರ. ಲೆಕ್ಕ ಹಾಕಿದರೆ ಒಂದು ಟೀ ಚಮಚ ದ್ರಾವಣದಲ್ಲಿ 12 ಮಿಲಿಗ್ರಾಂ ತಾಮ್ರವಿದೆ. ನಿಮ್ಮ 50 ಲೀಟರಿಗೆ ಅದು ಬಿದ್ದರೆ ಲೀಟರಿಗೆ ಸುಮಾರು 0.25 ಮಿಲಿಗ್ರಾಂ. ಸಿಗಡಿಗೆ ಇದರ ಕಾಲಂಶವೂ ಹೆಚ್ಚೇ. ಸುಣ್ಣ ಬೆರೆತಾಗ ತಾಮ್ರ ಕರಗದೆ ಕೂತಿರುತ್ತದೆ ನಿಜ, ಆದರೆ ನಮ್ಮ ಹುಳಿ, ಮೆದು ನೀರು ಅದನ್ನು ಮತ್ತೆ ಕರಗಿಸುತ್ತದೆ. ಗಡಸು ನೀರಿನಲ್ಲಿ ಮೀನು ತಡೆದುಕೊಳ್ಳುವ ತಾಮ್ರ ಮೆದು ನೀರಿನಲ್ಲಿ ಕೊಲ್ಲುತ್ತದೆ.

ಬೋರ್ಡೋ ಹದ ನೋಡಲು ಕತ್ತಿಯ ಅಲಗು ಅದ್ದಿ ಕೆಂಪು ಹತ್ತಿತೇ ಎಂದು ನೋಡುವ ರೂಢಿ ಇದೆಯಲ್ಲ, ಆ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಕತ್ತಿಗೆ ಕಾಣದಷ್ಟು ತಾಮ್ರವೇ ಸಿಗಡಿಗೆ ಸಾವು. ಗಪ್ಪಿಗಳನ್ನು ಬೇರೆ ಪಾತ್ರೆಗೆ ಹಾಕಿ. ಟ್ಯಾಂಕಿನ ನೀರನ್ನು ಎರಡು ದಿನದಲ್ಲಿ ಮೂರು ಸಲ ಅರ್ಧರ್ಧ ಬದಲಿಸಿ, ಫಿಲ್ಟರಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಎರಡು ವಾರ ಬಿಟ್ಟು ಒಂದೇ ಒಂದು ಬಸವನಹುಳು ಬಿಟ್ಟು ನೋಡಿ. ಅದು ಕೊಂಬು ಚಾಚಿ ಗಾಜು ಹತ್ತಿದರೆ ಮುಂದುವರಿಯಿರಿ. ಆ ಬಕೆಟ್ ಎಷ್ಟು ತಿಕ್ಕಿದರೂ ಮೀನಿನ ಕೆಲಸಕ್ಕೆ ಬೇಡ. ತೋಟದ ಪಕ್ಕದ ಮಾಡಿನಿಂದ ಇಳಿದ ನೀರೂ ಔಷಧಿ ಹೊಡೆದ ವಾರಗಳಲ್ಲಿ ಬೇಡ.

ಪ್ರ: ನಮ್ಮ ಬಾವಿ ನೀರಿನ ಟಿಡಿಎಸ್ 42. ಇಷ್ಟು ಶುದ್ಧ ನೀರಿನಲ್ಲಿಯೂ ಮೋಲಿ ಮೀನುಗಳು ನಿಂತಲ್ಲೇ ಮೈ ಅಲ್ಲಾಡಿಸುತ್ತಾ ಸೊರಗುವುದೇಕೆ? (ಸಾಗರ)

ಉ: ಟಿಡಿಎಸ್ ಮೀಟರ್ ಕರಗಿದ ಲವಣದ ಒಟ್ಟು ಅಂದಾಜು ಹೇಳುತ್ತದೆಯೇ ಹೊರತು ಶುದ್ಧವೋ ಅಲ್ಲವೋ ಎಂದಲ್ಲ. ಅಮೋನಿಯಾ, ಕ್ಲೋರಿನ್ ಎಷ್ಟಿದೆಯೆಂದು ಅದಕ್ಕೆ ಗೊತ್ತಾಗುವುದಿಲ್ಲ. ಮೋಲಿ ಗಡಸು ನೀರಿನ ಮೀನು, ಸ್ವಲ್ಪ ಉಪ್ಪು ನೀರಿನಲ್ಲೂ ಬಾಳುತ್ತದೆ. 42ರ ನೀರಿನಲ್ಲಿ ಅದಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಲದು. ಈ ನಡುಕಕ್ಕೆ ಔಷಧಿ ಇಲ್ಲ, ಲವಣವೇ ಬೇಕು. ಪ್ರತಿ ಸಲವೂ ನೀರಿಗೆ ಲವಣ ಬೆರೆಸುವ ತಾಳ್ಮೆ ಇಲ್ಲದಿದ್ದರೆ ಮೋಲಿ ಬಿಟ್ಟು ಟೆಟ್ರಾ, ರಾಸ್ಬೋರಾ, ಗೌರಾಮಿ, ಫೈಟರ್ ಸಾಕಿ. ನಿಮ್ಮ ನೀರು ಅವುಗಳಿಗೆ ಹೇಳಿ ಮಾಡಿಸಿದ್ದು. ಕೆಎಚ್ ಮೇಲೆ ಮಾತ್ರ ಕಣ್ಣಿರಲಿ.

ಪ್ರ: ಡಿಸೆಂಬರಿನಿಂದ 60 ಲೀಟರ್ ಟ್ಯಾಂಕಿನ ಟೈಗರ್ ಬಾರ್ಬ್‌ಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿ. ಕಲ್ಲಿಗೆ ಮೈ ಉಜ್ಜುತ್ತವೆ. ಅಂಗಡಿಯಲ್ಲಿ ಕೊಟ್ಟ ಹಸಿರು ಔಷಧಿ ಹಾಕಿದೆ, ನಾಲ್ಕು ದಿನದಲ್ಲಿ ಚುಕ್ಕಿ ಹೋಯಿತು, ನಿಲ್ಲಿಸಿದೆ. ವಾರ ಬಿಟ್ಟು ಮೊದಲಿಗಿಂತ ಹೆಚ್ಚಾಗಿ ಬಂದಿದೆ. ಬೆಳಿಗ್ಗೆ ನೀರು 18 ಡಿಗ್ರಿ ಇರುತ್ತದೆ. (ಶೃಂಗೇರಿ)

ಉ: ಚುಕ್ಕಿ ಹೋದದ್ದು ವಾಸಿಯಾಗಿ ಅಲ್ಲ, ಹಣ್ಣಾಗಿ ಉದುರಿ. ಪ್ರತಿ ಚುಕ್ಕಿಯೂ ಮೀನಿನ ಚರ್ಮದ ಕೆಳಗೆ ಕೂತ ಒಂದು ಪರಾವಲಂಬಿ. ಅದು ಬಲಿತ ಮೇಲೆ ಕಳಚಿ ತಳಕ್ಕಿಳಿದು, ಗೂಡು ಕಟ್ಟಿ, ಒಳಗೇ ಒಡೆದು ನೂರಾರು ಮರಿಯಾಗುತ್ತದೆ. ಆ ಮರಿಗಳು ಈಜುತ್ತಾ ಒಂದೆರಡು ದಿನದೊಳಗೆ ಮೀನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತವೆ. ಔಷಧಿಗೆ ಸಿಕ್ಕುವುದು ಈಜುವ ಮರಿ ಮಾತ್ರ. ಚರ್ಮದೊಳಗಿನದಕ್ಕೂ ಗೂಡಿನೊಳಗಿನದಕ್ಕೂ ಅದು ತಾಗುವುದಿಲ್ಲ. ಈ ಸುತ್ತು 25 ಡಿಗ್ರಿಯಲ್ಲಿ ಸುಮಾರು ಒಂದು ವಾರದ್ದು, ನಿಮ್ಮ 18 ಡಿಗ್ರಿಯಲ್ಲಿ ಇನ್ನೂ ಉದ್ದ. ನಾಲ್ಕು ದಿನದ ಔಷಧಿ ಅರ್ಧ ಸುತ್ತನ್ನೂ ಮುಟ್ಟಿಲ್ಲ.

ಮೊದಲು ಥರ್ಮೋಸ್ಟಾಟ್ ಇರುವ ಹೀಟರ್ ತನ್ನಿ. ಸಾಮಾನ್ಯವಾಗಿ ಲೀಟರಿಗೆ 1 ವ್ಯಾಟ್ ಎನ್ನುತ್ತಾರೆ, ನಿಮ್ಮ ಊರಿನ ಚಳಿಗೆ 60 ಲೀಟರಿಗೆ 100 ವ್ಯಾಟ್ ಇರಲಿ. ಮೂರು ನಾಲ್ಕು ಗಂಟೆಗೆ ಒಂದು ಡಿಗ್ರಿಯಂತೆ ಏರಿಸುತ್ತಾ ಎರಡು ದಿನದಲ್ಲಿ 30ಕ್ಕೆ ಒಯ್ಯಿರಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ 7.5 ಹಿಡಿಯುತ್ತದೆ. ಪರಾವಲಂಬಿ ಕಿವಿರಿನಲ್ಲೂ ಕೂತಿರುವಾಗ ಇದು ಸಣ್ಣ ವ್ಯತ್ಯಾಸವಲ್ಲ, ಆದ್ದರಿಂದ ಏರ್ ಸ್ಟೋನ್ ಹಗಲೂ ರಾತ್ರಿ ಓಡಲಿ.

ಜೊತೆಗೆ ಕಲ್ಲುಪ್ಪು, ಲೀಟರಿಗೆ 2 ಗ್ರಾಂ. ನಿಮಗೆ ಒಟ್ಟು 120 ಗ್ರಾಂ, 40ರಂತೆ ಮೂರು ಸಲ, ನಡುವೆ 12 ಗಂಟೆ ಬಿಟ್ಟು, ಕರಗಿಸಿಯೇ ಹಾಕಿ. ಎರಡು ದಿನಕ್ಕೊಮ್ಮೆ ಪೈಪಿನಲ್ಲಿ ತಳದ ಕಸ ಎಳೆದು 15 ಲೀಟರ್ ತೆಗೆಯಿರಿ, ಗೂಡುಗಳು ಅದರೊಂದಿಗೇ ಹೋಗುತ್ತವೆ. ಹೊಸ ನೀರು ಟ್ಯಾಂಕಿನಷ್ಟೇ ಬೆಚ್ಚಗಿರಲಿ, ತೆಗೆದ 15 ಲೀಟರಿಗೆ 30 ಗ್ರಾಂ ಉಪ್ಪು ಮತ್ತೆ ಸೇರಿಸಿ. ಆವಿಯಾದ ನೀರಿಗೆ ಬದಲು ಸುರಿಯುವಾಗ ಮಾತ್ರ ಉಪ್ಪು ಬೇಡ, ಉಪ್ಪು ಆವಿಯಾಗುವುದಿಲ್ಲ. ಕೊನೆಯ ಚುಕ್ಕಿ ಮರೆಯಾದ ಮೇಲೂ ಒಂದು ವಾರ ಇದನ್ನೇ ನಡೆಸಿ. ಲೋಚ್ ಜಾತಿಯವು, ಸೂಕ್ಷ್ಮ ಎಲೆಯ ಗಿಡಗಳು ಇದ್ದರೆ ಉಪ್ಪು ಅರ್ಧಕ್ಕಿಳಿಸಿ. ಅಂಗಡಿಯ ಹಸಿರು ಔಷಧಿ ಮ್ಯಾಲಕೈಟ್ ಗ್ರೀನ್ ಇರಬೇಕು. ಅದನ್ನೂ ಹಾಕುವುದಾದರೆ ಕಾರ್ಬನ್ ತೆಗೆದು ಹಾಕಿ, ಇಲ್ಲದಿದ್ದರೆ ಕಾರ್ಬನ್ನೇ ಔಷಧಿಯನ್ನು ಕುಡಿದುಬಿಡುತ್ತದೆ.

ಇನ್ನೊಬ್ಬ ಓದುಗರು ಗಂಡು ಗೋಲ್ಡ್‌ಫಿಶ್ಶಿನ ಕಿವಿರು ಮುಚ್ಚಳದ ಮೇಲೆ ಸಾಲಾಗಿ ಬಿಳಿ ಚುಕ್ಕಿ ಬಂದಿವೆ ಎಂದು ಇದೇ ಔಷಧಿ ಕೇಳಿದ್ದಾರೆ. ಕಿವಿರು ಮುಚ್ಚಳ ಮತ್ತು ಮುಂದಿನ ರೆಕ್ಕೆಯ ಅಂಚಿನಲ್ಲಿ ಮಾತ್ರ ಇದ್ದು, ಮೀನು ಚುರುಕಾಗಿದ್ದರೆ ಅದು ರೋಗವಲ್ಲ, ಮರಿ ಮಾಡುವ ಹದ ಬಂದ ಗುರುತು. ಬಿಟ್ಟುಬಿಡಿ.

ಪ್ರ: ಗಪ್ಪಿಗಳ ಬಾಯಿಯ ಸುತ್ತ ಬಿಳಿ ಹತ್ತಿ. ಫಂಗಸ್ ಎಂದು ಹೀಟರ್ ಏರಿಸಿದೆ. ಎರಡೇ ದಿನದಲ್ಲಿ ಆರು ಸತ್ತವು. (ಭದ್ರಾವತಿ)

ಉ: ಹತ್ತಿಯಂತೆ ಕಂಡದ್ದೆಲ್ಲ ಫಂಗಸ್ ಅಲ್ಲ. ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಫಂಗಸ್ಸಾದರೆ ಹಳೆಯ ಗಾಯದ ಮೇಲೆ ಉದ್ದುದ್ದ ಎಳೆ ನೀರಿನಲ್ಲಿ ತೂಗಾಡುತ್ತದೆ, ನಿಧಾನವಾಗಿ ಹಬ್ಬುತ್ತದೆ. ತುಟಿಗೆ ಬೂದು-ಬಿಳಿ ಪೊರೆಯಂತೆ ಅಂಟಿಕೊಂಡು, ಬೆನ್ನಿನ ಮೇಲೆ ಜೀನು ಹಾಕಿದಂತೆ ಮಾಸಲು ಪಟ್ಟಿ ಬಂದರೆ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ. ಬೆಚ್ಚಗಾದಷ್ಟೂ ಅದಕ್ಕೆ ಹುರುಪು. ಬಿಳಿ ಚುಕ್ಕಿಗೆ ಹೇಳಿದ ಬಿಸಿ ಇಲ್ಲಿ ಕೊಳ್ಳಿ ಇಟ್ಟಂತೆ. ಹೀಟರ್ ಆರಿಸಿ, ನಿಧಾನವಾಗಿ 24ಕ್ಕೆ ಇಳಿಯಲಿ. ಸೋಂಕಿನ ಮೀನು ಬೇರೆ ಟ್ಯಾಂಕಿಗೆ, ಲೀಟರಿಗೆ 1ರಿಂದ 2 ಗ್ರಾಂ ಉಪ್ಪು, ಜೋರು ಗಾಳಿ. ಒಂದೇ ಬಲೆಯನ್ನು ಎರಡೂ ಕಡೆ ಬಳಸಬೇಡಿ. ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಟ್ಯಾಂಕಿಗೆ ಸುರಿಯುವ ಅಭ್ಯಾಸ ಕೆಟ್ಟದ್ದು. ಫಿಲ್ಟರಿನ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರಬಹುದು. ಜೊತೆಗೆ, ಗಡಸು ನೀರಿನ ಕ್ಯಾಲ್ಸಿಯಂ ಈ ಔಷಧಿಯನ್ನು ಹಿಡಿದಿಟ್ಟು ಮಂದ ಮಾಡುತ್ತದೆ. ಮೆದು ನೀರಿನಲ್ಲಿ ಅದೇ ಅಳತೆ ಜೋರಾಗಿ ತಗಲುತ್ತದೆ. ಆಂಟಿಬಯಾಟಿಕ್ ಬೇಕೇ ಆದರೆ ಪಶುವೈದ್ಯರನ್ನು ಕೇಳಿ, ಬೇರೆ ಟ್ಯಾಂಕಿನಲ್ಲೇ ಕೊಡಿ.

ಪ್ರ: ನಲ್ಲಿ ನೀರು ಬದಲಿಸಿದ ಹತ್ತೇ ನಿಮಿಷದಲ್ಲಿ ಮೀನುಗಳು ಹುಚ್ಚೆದ್ದು ಓಡಾಡುತ್ತವೆ. ತುಂಗೆಯ ಕೆಂಪು ನೀರಿನಿಂದ ಹೀಗೇ? (ಶಿವಮೊಗ್ಗ)

ಉ: ಮಣ್ಣಿನ ಬಣ್ಣ ಮೀನಿಗೆ ಹೊಸದಲ್ಲ. ಇಷ್ಟು ಬೇಗ ಕಾಣುವುದು ಕ್ಲೋರಿನ್. ಅಮೋನಿಯಾ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ಕ್ಲೋರಿನ್ ನಿಮಿಷಗಳಲ್ಲಿ ಕಿವಿರು ಸುಡುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಏರ್ ಸ್ಟೋನ್ ಬಿಟ್ಟು ಒಂದು ದಿನ ಇಟ್ಟರೆ ಹೋಗುತ್ತದೆ. ಅವಸರವಿದ್ದರೆ ಹೈಪೋ (ಕ್ಲೋರಿನ್ ಕಳೆಯುವ ಸೋಡಿಯಂ ಥಯೋಸಲ್ಫೇಟ್): 10 ಗ್ರಾಂ ಹರಳನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ. 10 ಲೀಟರ್ ನಲ್ಲಿ ನೀರಿಗೆ ಅದರ 1 ಮಿ.ಲೀ. ಸಾಕು. ಮಳೆಗಾಲದಲ್ಲಿ ಮೂಗಿಗೆ ಘಾಟು ಬಡಿಯುವ ದಿನ ಎರಡು ಮಿ.ಲೀ. ಹಾಕಿ. ಬಾಟಲಿಯನ್ನು ತಿಂಗಳಿಗೊಮ್ಮೆ ಹೊಸದಾಗಿ ಮಾಡಿಕೊಳ್ಳಿ. ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವಂತೆ ತೊಳೆಯುವವರು ಬಹಳ. ತಿಂಗಳುಗಟ್ಟಲೆ ಬೆಳೆದ ಬ್ಯಾಕ್ಟೀರಿಯಾ ಅಲ್ಲಿಗೆ ಮುಗಿಯಿತು. ಟ್ಯಾಂಕಿನಿಂದ ತೆಗೆದ ಹಳೆಯ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು, ಸ್ಪಾಂಜ್ ಕಂದಾಗಿಯೇ ಇರಬೇಕು.

ಪ್ರ: ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ. ಕ್ಯಾನಿಸ್ಟರ್ ಫಿಲ್ಟರ್ ಇದೆ. ಏನು ಮಾಡಬೇಕು? (ಆಗುಂಬೆ)

ಉ: ಆಹಾರ ಪೂರ್ತಿ ನಿಲ್ಲಿಸಿ. ಬೆಳೆದ ಮೀನು ವಾರ ಉಪವಾಸ ಇದ್ದರೂ ಏನೂ ಆಗುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗಿನಲ್ಲಿ ನೀರು ಮೊಗೆದು ಒಂದಡಿ ಎತ್ತರದಿಂದ ಹತ್ತು ಹದಿನೈದು ಸಲ ಸುರಿಯಿರಿ. ಟಾರ್ಚಿನ ಸೆಲ್ಲಿನಲ್ಲಿ ಓಡುವ ಏರ್ ಪಂಪ್ ಸಿಗುತ್ತದೆ, ಅದಕ್ಕೊಂದು ಸ್ಪಾಂಜ್ ಫಿಲ್ಟರ್ ಸಿಕ್ಕಿಸಿ ಮೊದಲೇ ಟ್ಯಾಂಕಿನಲ್ಲಿ ಇಟ್ಟುಕೊಂಡರೆ ರಾತ್ರಿ ನಿದ್ದೆ ಮಾಡಬಹುದು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ತೂಗುಹಾಕಿ, ಇಲ್ಲವೇ ಕೊಳವೆಗೆ ನಾನ್-ರಿಟರ್ನ್ ವಾಲ್ವ್ ಹಾಕಿ. ಕೆಳಗಿದ್ದರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದೆ ಬಂದು ಪಂಪಿನ ಮೂಲಕ ನೆಲಕ್ಕೆ ಇಳಿಯುತ್ತದೆ. ಕ್ಯಾನಿಸ್ಟರ್ ಮುಚ್ಚಿದ ಡಬ್ಬಿಯಾದ್ದರಿಂದ ಒಳಗಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ತೀರಿ ನೀರು ಕೊಳೆಯತೊಡಗುತ್ತದೆ. ಕರೆಂಟ್ ಬಂದ ಕೂಡಲೇ ಸ್ವಿಚ್ ಒತ್ತಬೇಡಿ. ಡಬ್ಬಿ ಬಿಚ್ಚಿ, ಒಳಗಿನ ನೀರು ಹೊರಗೆ ಚೆಲ್ಲಿ, ಸ್ಪಾಂಜು, ಕಲ್ಲುಗಳನ್ನು ಟ್ಯಾಂಕಿನ ನೀರಿನಲ್ಲಿ ಅದ್ದಿ ತೆಗೆದು ಜೋಡಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಎರಡು ಸಲ ಅದ್ದಿ. ಮುಂದಿನ ಐದಾರು ದಿನ ಅಮೋನಿಯಾ ನೋಡುತ್ತಿರಿ, ಆಹಾರವನ್ನು ಚಿಟಿಕೆಯಿಂದ ಶುರುಮಾಡಿ.